ಪೈಥಾನ್ ಎಲ್ಲಿಂದ ಶುರು ಮಾಡ್ಬೇಕ್ರಿ? 50 ಅನ್ನೋದು ಎಂಬತ್ತು ಸಲ ಬರ್ಲತ್ತದ

ಗಂಜ್ ಮುನೀಮ (ಕಲಬುರಗಿ)
ಎಲ್ಲಾರಿಗೂ ನಮಸ್ಕಾರ. ನಾ ನೆಹರು ಗಂಜ್‌ನಾಗ ಒಂದು ಅಡತ್ ಅಂಗಡಿಯಾಗ ಲೆಕ್ಕ ಬರೀತೀನಿ. ಓದಿದ್ದು ಬಿ.ಕಾಂ. ಕಂಪ್ಯೂಟರ್ ಅಂದ್ರ ಟ್ಯಾಲಿ, ಎಕ್ಸೆಲ್ ಅಷ್ಟೇ ಗೊತ್ತು. ತೊಗರಿ ಸೀಸನ್ ಬಂತಂದ್ರ ಚೀಲದ ತೂಕ ಕೂಡ್ಸು, ದರ ಹಚ್ಚು, ಹಮಾಲಿ ಕಳಿ, ರೈತನ ಕೈಯಾಗ ಪಟ್ಟಿ ಕೊಡು. ಇದನ್ನೆಲ್ಲಾ ನಾವೇ ಒಂದು ಸಣ್ಣ ಪ್ರೋಗ್ರಾಂ ಬರ್ದು ಮಾಡ್ಬೇಕಂತ ಪೈಥಾನ್ ವಿಡಿಯೊ ನೋಡ್ಲತ್ತೀನಿ. ನೋಡುವಾಗ ಎಲ್ಲಾ ತಿಳೀತದ. ಖಾಲಿ ಪರದೆ ಮುಂದ ಕುಂತ್ರ ಒಂದು ಸಾಲೂ ಹೊಳೆಯಂಗಿಲ್ಲ.

ಕ್ವಿಂಟಲ್‌ಗೆ 8000 ಹಿಡೀರಿ (2025-26ರ ಬೆಂಬಲ ಬೆಲೆ ಅದೇ), ಅಂದ್ರ ಕೆ.ಜಿ.ಗೆ 80. ನಾ ಬರ್ದಿದ್ದು ಇಷ್ಟು:

ತೂಕ = ಇನ್‌ಪುಟ್("ತೂಕ ಎಷ್ಟು? ")
ದರ = 80
ಪ್ರಿಂಟ್(ತೂಕ * ದರ)

50 ಅಂತ ಕೊಟ್ರ 4000 ಬರ್ಬೇಕಲ್ಲ? 50505050 ಅಂತ ಪರದೆ ತುಂಬಾ ಬರ್ಲತ್ತದ. ಎರರ್ ಅಂತೂ ಏನೂ ತೋರ್ಸಂಗಿಲ್ಲ.

(ಇನ್‌ಪುಟ್, ಪ್ರಿಂಟ್ ಇವನ್ನ ನಾ ಇಂಗ್ಲಿಷ್ ಅಕ್ಷರದಾಗೇ ಹೊಡ್ದೀನಿ. ಇಲ್ಲಿ ಓದ್ಲಿಕ್ಕೆ ಹಗುರ ಆಗ್ಲಿ ಅಂತ ಕನ್ನಡದಾಗ ಬರ್ದೀನಿ. ಉತ್ತರ ಕೊಡೋರೂ ಹಂಗೇ ಬರೀರಿ.)

ಯಾದಗಿರಿ ಕೋಡರ್
ಇಂಟ್ ಹಾಕ್ರಿ ಅಣ್ಣಾ.
ತೂಕ = ಇಂಟ್(ಇನ್‌ಪುಟ್("ತೂಕ ಎಷ್ಟು? "))
ಮುಗೀತು.

ಗಂಜ್ ಮುನೀಮ
ಹಾಕ್ದೆ ತಮ್ಮಾ. 50ಕ್ಕೆ 4000 ಸರಿ ಬಂತು. ಆದ್ರ 50.5 ಕೊಟ್ರ ಕೆಂಪು ಅಕ್ಷರ, ವ್ಯಾಲ್ಯೂ ಎರರ್ ಅಂತ. ನಮ್ಮ ಕಾಟಾದಾಗ ಯಾವ ಚೀಲಾನೂ ಸರಿಯಾಗಿ 50 ಬರಂಗಿಲ್ಲ.

ಯಾದಗಿರಿ ಕೋಡರ್
ಹಂಗಾರ ಇಂಟ್ ತೆಗ್ದು ಫ್ಲೋಟ್ ಹಾಕ್ರಿ.

ಬೀದರ್ ಮೇಡಂ
ಕೋಡರ್ ತಮ್ಮಾ, ನೀನು ಹೇಳಿದ್ದು ಎರಡೂ ಸರಿ. ಆದರೆ ಹೀಗೆ ಗುಳಿಗೆ ಕೊಟ್ಟು ಕಳಿಸಿದರೆ ಮುನೀಮರು ನಾಳೆ ಇನ್ನೊಂದು ರೂಪದಲ್ಲಿ ಇದೇ ತೊಂದರೆ ಹೊತ್ತು ಬರ್ತಾರೆ. ನಾನು ಸಿಬಿಎಸ್‌ಇ ಹನ್ನೊಂದನೇ ತರಗತಿಗೆ ಪೈಥಾನ್ ಹೇಳಿಕೊಡ್ತೀನಿ. ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದು) ಕಷ್ಟ, ಫಂಕ್ಷನ್ (ಹೆಸರಿಟ್ಟ ಕೋಡ್ ತುಂಡು) ಕಷ್ಟ ಅಂತ ಮಕ್ಕಳು ಅಂತಾರೆ. ಕೂತು ನೋಡಿದರೆ ಅವರು ಎಡವೋದು ಅಲ್ಲಲ್ಲ. ಈ ಹೆಸರಿನಲ್ಲಿ ಈಗ ಎಂಥ ಮೌಲ್ಯ ಇದೆ ಅನ್ನೋದು ಗೊತ್ತಿಲ್ಲದೆ ಮುಂದಿನ ಸಾಲಿಗೆ ಹೋಗೋದರಲ್ಲಿ.

ಮುನೀಮರೆ, ಇನ್‌ಪುಟ್ ಏನು ತಂದುಕೊಟ್ಟರೂ ಅದು ಪಠ್ಯವೇ, ಅಂದರೆ ಸ್ಟ್ರಿಂಗ್. ನೀವು 50 ಅಂತ ಒತ್ತಿದರೂ ಅದಕ್ಕೆ ಸಿಗೋದು 5 ಮತ್ತು 0 ಅನ್ನೋ ಎರಡು ಚಿಹ್ನೆ. ಗುಣಾಕಾರದ ಚಿಹ್ನೆ ಎರಡು ಸಂಖ್ಯೆಗಳ ನಡುವೆ ಇದ್ದರೆ ಗುಣಿಸುತ್ತದೆ. ಪಠ್ಯ ಮತ್ತು ಪೂರ್ಣಾಂಕದ ನಡುವೆ ಇದ್ದರೆ ಪಠ್ಯವನ್ನು ಅಷ್ಟು ಸಲ ಪಕ್ಕಪಕ್ಕ ಜೋಡಿಸುತ್ತದೆ. ಹಾಗಾಗಿ ಎಂಬತ್ತು ಸಲ 50. ಪೈಥಾನ್ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ, ಎರರ್ ಎಲ್ಲಿಂದ ಬರಬೇಕು? ಅದೇ ದರವನ್ನು 80.0 ಅಂತ ಬರೆದಿದ್ದರೆ ಟೈಪ್ ಎರರ್ ಬಂದು ಅಲ್ಲೇ ನಿಲ್ತಿತ್ತು, ನಿಮಗೂ ಬೇಗ ತಿಳೀತಿತ್ತು.

ಸದ್ಯಕ್ಕೆ ನಾಲ್ಕು ಜಾತಿ ಸಾಕು. ಪೂರ್ಣಾಂಕ ಇಂಟ್, ದಶಾಂಶ ಫ್ಲೋಟ್, ಪಠ್ಯ ಸ್ಟ್ರಿಂಗ್, ಹೌದು-ಅಲ್ಲ ಹೇಳೋ ಬೂಲ್. ಅನುಮಾನ ಬಂದಲ್ಲೆಲ್ಲ ಪ್ರಿಂಟ್(ಟೈಪ್(ತೂಕ)) ಅಂತ ಒಂದು ಸಾಲು ತುರುಕಿ ನೋಡಿ. ಎರಡು ವಾರ ಇದೊಂದು ಅಭ್ಯಾಸ ಮಾಡಿದರೆ ಅರ್ಧ ಪೈಥಾನ್ ಬಂದ ಹಾಗೆ.

ಇನ್ನೊಂದು. ನೀವು ನೋಡೋ ವಿಡಿಯೊದಲ್ಲಿ ಪ್ರಿಂಟ್ ಪಕ್ಕ ಕಂಸ ಹಾಕದೆ ಬರೆದಿದ್ದರೆ ಅದನ್ನು ಅಲ್ಲೇ ಬಿಡಿ. ಅದು ಪೈಥಾನ್ 2. ಅದರಲ್ಲಿ ಇನ್‌ಪುಟ್ ಕೆಲಸ ಮಾಡ್ತಿದ್ದ ರೀತಿಯೇ ಬೇರೆ, 50 ಒತ್ತಿದರೆ ಸಂಖ್ಯೆಯೇ ಸಿಗ್ತಿತ್ತು. 2020ರ ಜನವರಿ 1ಕ್ಕೆ ಅದರ ಅಧಿಕೃತ ಬೆಂಬಲ ನಿಂತಿದೆ.

ನಿವೃತ್ತ ಮಾಸ್ತರ (ಕಲಬುರಗಿ)
ಎಲ್ಲಾ ಓದಿದೆ. ಇದಕ್ಕೇ ನಾನು ಹೇಳೋದು, ಮೊದಲು ಸಿ ಕಲಿಯಿರಿ ಅಂತ. ಸಿ ಭಾಷೆಯಲ್ಲಿ ತೂಕ ಫ್ಲೋಟ್ ಅಂತ ಮೊದಲೇ ಘೋಷಿಸದೆ ಮುಂದೆ ಹೋಗೋಕೇ ಆಗಲ್ಲ. ಈ 50505050 ತಮಾಷೆ ಅಲ್ಲಿಲ್ಲ. ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದ ಭಾಷೆ, ಇವತ್ತಿಗೂ ಗಟ್ಟಿ. ನೀವೆಲ್ಲ ಬಳಸೋ ಪೈಥಾನ್ ಇಂಟರ್‌ಪ್ರಿಟರ್, ಅಂದರೆ ಕೋಡ್ ಓದಿ ನಡೆಸೋ ತಂತ್ರಾಂಶ, ಬರೆದಿರೋದೂ ಸಿ ಯಲ್ಲೇ.

ಬೀದರ್ ಮೇಡಂ
ಮಾಸ್ತರೆ, ನಿಮ್ಮ ಮಾತಲ್ಲಿ ಸತ್ಯ ಇದೆ, ಆದರೆ ಮುನೀಮರು ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸೋ ತಂತ್ರಾಂಶ) ಬರೆಯೋಕೆ ಹೊರಟಿಲ್ಲ. ಸಿ ಯಲ್ಲಿ ಒಂದು ತೂಕ ಓದಿಸಬೇಕಾದರೆ ಸ್ಕ್ಯಾನ್‌ಎಫ್, ಶೇಕಡಾ ಚಿಹ್ನೆ, ಆಂಪರ್‌ಸ್ಯಾಂಡ್ ಎಲ್ಲ ಬರುತ್ತೆ. ಅದರ ವಿವರಣೆ ಮುಗಿಯೋದರಲ್ಲಿ ತೊಗರಿ ಸೀಸನ್ನೇ ಮುಗಿದಿರುತ್ತೆ. ಗೀಡೊ ವಾನ್ ರೋಸಮ್ 1989ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಪೈಥಾನ್ ಬರೆಯೋಕೆ ಕೂತಾಗ ಅವರ ಮುಂದೆ ಎಬಿಸಿ ಅನ್ನೋ ಭಾಷೆ ಇತ್ತು. ಅದನ್ನು ಮಾಡಿದ್ದೇ ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗಾಗಿ. ಸಾಲಿನ ಮೊದಲು ಜಾಗ ಬಿಟ್ಟು ಗುಂಪು ಮಾಡೋ ಪದ್ಧತಿ ಅಲ್ಲಿಂದಲೇ ಬಂತು. ಹೊಸಬರಿಗೆ ಹಗುರ ಆಗೋದು ಆಕಸ್ಮಿಕ ಅಲ್ಲ.

ಶಹಾಪುರದ ಹುಡುಗ
ಜಾಗದ ಮಾತು ಬಂತಲ್ರಿ ಮೇಡಂ, ನಂದೊಂದು ಕೇಳ್ರಿ. ನನ್ನ ಹತ್ರ ಲ್ಯಾಪ್‌ಟಾಪ್ ಇಲ್ಲ, ಮೊಬೈಲ್‌ನಾಗ ಪೈಡ್ರಾಯ್ಡ್ ಅನ್ನೋ ಪೈಥಾನ್ ಆ್ಯಪ್ ಹಾಕ್ಕೊಂಡೀನಿ. ದೋಸ್ತ ವಾಟ್ಸಾಪ್‌ನಾಗ ಕೋಡ್ ಕಳ್ಸ್ತಾನ, ಅವನ ಕಡೆ ಓಡ್ತದ, ನನ್ನ ಕಡೆ ಇನ್‌ವ್ಯಾಲಿಡ್ ಕ್ಯಾರೆಕ್ಟರ್ ಅಂತದ. ನನ್ನ ಕಣ್ಣಿಗೆ ಎರಡೂ ಒಂದೇ ಕಾಣ್ತಾವ.

ರಾತ್ರಿಪಾಳಿ (ಬೀದರ್, ಸದ್ಯ ಹೈದರಾಬಾದ್)
ಉದ್ಧರಣ ಚಿಹ್ನೆ ನೋಡು ತಮ್ಮಾ. ಕೋಡ್‌ಗೆ ಬೇಕಾಗಿದ್ದು ನೆಟ್ಟಗಿನ ಚಿಹ್ನೆ. ದಾರಿಯಾಗ ಯಾವುದೋ ಆ್ಯಪ್, ಕೀಬೋರ್ಡ್ ಇಲ್ಲಾ ಪಿಡಿಎಫ್ ಅದನ್ನ ಸೊಟ್ಟಗಿನ ಚಂದದ ಚಿಹ್ನೆ ಮಾಡ್ತದ. ಅದು ಪೈಥಾನ್‌ಗೆ ಗುರುತೇ ಸಿಗಂಗಿಲ್ಲ. ಸಾಲಿನ ಮುಂದಿನ ಖಾಲಿ ಜಾಗಾನೂ ಹಂಗೇ ಕಳೀತದ. ಟ್ಯಾಬ್ ಮತ್ತು ಸ್ಪೇಸ್ ಕಲಸಿದ್ರ ಟ್ಯಾಬ್ ಎರರ್ ಬರ್ತದ, ಯಾವಾಗ್ಲೂ ನಾಲ್ಕು ಸ್ಪೇಸ್ ಅಂತ ಪಣ ತೊಟ್ಟುಬಿಡು. ಒಟ್ನಲ್ಲಿ ಕಲಿಯೋ ಟೈಮ್‌ನಾಗ ಕಾಪಿ ಮಾಡಬ್ಯಾಡ, ನೋಡಿ ನೋಡಿ ಟೈಪ್ ಮಾಡು. ಮೊಬೈಲ್ ಕೀಬೋರ್ಡ್‌ನಾಗ ಅದು ನರಕ ಅಂತ ಗೊತ್ತು. ನಿಮ್ಮೂರಿನ ಅರಿವು ಕೇಂದ್ರದಾಗ (ಪಂಚಾಯ್ತಿ ಗ್ರಂಥಾಲಯ) ಕಂಪ್ಯೂಟರ್ ಇದ್ರ ಅಲ್ಲಿ ಕುಂದ್ರು. ಬ್ರೌಸರ್‌ನಾಗ ಗೂಗಲ್ ಕೊಲ್ಯಾಬ್ ತೆಗೆದ್ರ ಏನೂ ಇನ್‌ಸ್ಟಾಲ್ ಮಾಡೋದು ಬೇಕಿಲ್ಲ.

ಮುನೀಮ್‌ಜಿ, ನಿಮ್ಮ ಮುಂದಿನ ಸಾಲು ನಾ ಬರೀತೀನಿ. ಚೀಲ ಒಂದಲ್ಲ, ಮೂರು ಬಂದಾವ ಅಂತ ಇಟ್ಕೊಳ್ರಿ:

ತೂಕಗಳು = [51.2, 49.8, 50.5]
ಒಟ್ಟು = 0
ಫಾರ್ ಚೀಲ ಇನ್ ತೂಕಗಳು:
    ಒಟ್ಟು = ಒಟ್ಟು + ಚೀಲ
ಪ್ರಿಂಟ್(ಒಟ್ಟು)

151.5 ಬರ್ತದ. ಈಗ ಆ ಪ್ರಿಂಟ್ ಸಾಲನ್ನ ನಾಲ್ಕು ಸ್ಪೇಸ್ ಒಳಗ ದಬ್ಬಿ ಮತ್ತ ಓಡಿಸ್ರಿ. ಮೂರು ಸಾಲು ಬರ್ತಾವ, 51.2, ಆಮ್ಯಾಲ 101.0, ಆಮ್ಯಾಲ 151.5. ಯಾಕಂತ ನಿಮಗೇ ಹೊಳೆದ್ರ ಲೂಪ್ ಬಂತು ಅಂತ ತಿಳ್ಕೊಳ್ರಿ.

ಗಂಜ್ ಮುನೀಮ
ಹೊಳೀತ್ರಿ! ಒಳಗಿದ್ರ ಪ್ರತಿ ಚೀಲಕ್ಕೂ ಒಮ್ಮೆ, ಹೊರಗಿದ್ರ ಎಲ್ಲಾ ಮುಗದ ಮ್ಯಾಲ ಒಮ್ಮೆ. ಆದ್ರ ‘ಒಟ್ಟು = ಒಟ್ಟು + ಚೀಲ’ ಅನ್ನೋದು ಒಪ್ಪಲಿಕ್ಕೆ ಮನಸ್ಸು ಬರ್ಲತ್ತಿಲ್ಲ. ಲೆಕ್ಕದಾಗ ಎರಡೂ ಕಡೆ ಸಮ ಇರ್ಬೇಕಲ್ರಿ?

ಬೀದರ್ ಮೇಡಂ
ಅದು ಸಮ ಅನ್ನೋ ಹೇಳಿಕೆ ಅಲ್ಲ, ಆಜ್ಞೆ. ಮೊದಲು ಬಲಗಡೆ ಲೆಕ್ಕ ಮಾಡು, ಬಂದ ಉತ್ತರಕ್ಕೆ ಎಡಗಡೆಯ ಹೆಸರು ಹಚ್ಚು. ಹಳೇ ಒಟ್ಟು 51.2, ಚೀಲ 49.8, ಕೂಡಿದರೆ 101.0, ಇನ್ನು ಮುಂದೆ ಒಟ್ಟು ಅಂದರೆ ಅದು. ಸಮ ಇದೆಯಾ ಅಂತ ಕೇಳಬೇಕಾದರೆ ಎರಡು ಸಮ ಚಿಹ್ನೆ ಒಟ್ಟಿಗೆ ಹಾಕಬೇಕು, ಅದರ ಉತ್ತರ ಬೂಲ್.

ನಿವೃತ್ತ ಮಾಸ್ತರ
ಮೇಡಂ, ‘ಹೆಸರು ಹಚ್ಚು’ ಅಂದಿರಲ್ಲ, ಒಳ್ಳೆ ಮಾತು. ಹಾಗಾದರೆ ಇದನ್ನೂ ಹೇಳಿಬಿಡಿ. ನಿನ್ನೆಯ ತೂಕಗಳನ್ನ ಉಳಿಸಿಕೊಳ್ಳಬೇಕು ಅಂತ ಮುನೀಮರು ‘ನಿನ್ನೆ = ತೂಕಗಳು’ ಅಂತ ಬರೀತಾರೆ. ಆಮೇಲೆ ತೂಕಗಳು ಪಟ್ಟಿಗೆ ಅಪೆಂಡ್ ಮಾಡಿ ಹೊಸ ಚೀಲ ಸೇರಿಸ್ತಾರೆ. ನಿನ್ನೆಯ ಪಟ್ಟಿಯಲ್ಲೂ ಆ ಚೀಲ ಕೂತಿರುತ್ತೆ! ಸಿ ಯಲ್ಲಿ ಪಾಯಿಂಟರ್ (ಮೌಲ್ಯ ಇರೋ ಜಾಗದ ವಿಳಾಸ) ಕಲಿತವನು ಇದಕ್ಕೆ ಬೆಚ್ಚಿಬೀಳಲ್ಲ.

ಬೀದರ್ ಮೇಡಂ
ಇದು ಸರಿಯಾದ ಎಚ್ಚರಿಕೆ, ಒಪ್ಪಿದೆ. ಎರಡು ಹೆಸರು, ಪಟ್ಟಿ ಮಾತ್ರ ಒಂದೇ. ನಿನ್ನೆ = ತೂಕಗಳು.ಕಾಪಿ() ಅಂತ ಬರೆದರೆ ಬೇರೆ ಪಟ್ಟಿ ಆಗುತ್ತೆ. ಸಂಖ್ಯೆ, ಪಠ್ಯಗಳಿಗೆ ಈ ತೊಂದರೆ ಇಲ್ಲ, ಅವನ್ನು ಒಳಗಿಂದ ತಿದ್ದೋಕೆ ಬರೋದಿಲ್ಲ.

ಯಾದಗಿರಿ ಕೋಡರ್
ಪಟ್ಟಿ ಎಣಿಕೆ 0ಯಿಂದ ಅನ್ನೋದೂ ಬರ್ಕೊಳ್ರಿ. ಮೂರು ಚೀಲ ಇದ್ರ ಸ್ಥಾನ 0, 1, 2. ತೂಕಗಳು[3] ಕೇಳಿದ್ರ ಇಂಡೆಕ್ಸ್ ಎರರ್. ಕೊನೇದು ಬೇಕಂದ್ರ ತೂಕಗಳು[-1]. ರೇಂಜ್(1, 10) ಅಂದ್ರ 9ಕ್ಕೇ ನಿಲ್ತದ, 10 ಬರಂಗಿಲ್ಲ.

ಗಂಜ್ ಮುನೀಮ
ಹೆಸರು ಕನ್ನಡದಾಗ ಇಟ್ಟಿದ್ದು ನಡೀತದ ಅಂತ ನನಗೇ ಆಶ್ಚರ್ಯ. ಆದ್ರ ಸೂಪರ್‌ಮಾರ್ಕೆಟ್ ಅಂತ ಹೆಸರಿಟ್ರ ಮಾತ್ರ ಎರರ್! ತೂಕ, ದರ, ಒಟ್ಟು ಎಲ್ಲಾ ನಡೀತಾವ, ಇದೊಂದ್ಯಾಕ ಇಲ್ಲ?

ರಾತ್ರಿಪಾಳಿ
ಆಹಾ, ಇದು ಚಂದದ ಪ್ರಶ್ನೆ. ಎರರ್‌ನಾಗ ‘ಯು+200ಸಿ’ ಅಂತ ಅದ ನೋಡ್ರಿ. ‘ರ್’ ಆದ ಮ್ಯಾಲ ‘ಮಾ’ ಒತ್ತಕ್ಷರ ಆಗಬಾರ್ದು ಅಂತ ಕೀಬೋರ್ಡ್ ನಡುವೆ ಒಂದು ಕಾಣದ ಚಿಹ್ನೆ ಹಾಕ್ತದ. ಅದು ಯುನಿಕೋಡ್‌ನ ಶೂನ್ಯ ಅಗಲದ ಚಿಹ್ನೆ (ಯುನಿಕೋಡ್ ಅಂದ್ರ ಎಲ್ಲಾ ಲಿಪಿಯ ಅಕ್ಷರಕ್ಕೂ ನಂಬರ್ ಕೊಟ್ಟ ಪಟ್ಟಿ). ಪೈಥಾನ್ 3 ಬಂದಾಗಿಂದ, ಅಂದ್ರ 2008ರಿಂದ, ಹೆಸರುಗಳು ಕನ್ನಡದಾಗ ಇಡಬಹುದು. ಕಾಗುಣಿತ, ಒತ್ತು ಎಲ್ಲಾ ನಡೀತಾವ. ಈ ಕಾಣದ ಚಿಹ್ನೆ ಮಾತ್ರ ಹೆಸರಿನಾಗ ನಡೆಯಂಗಿಲ್ಲ. ಉದ್ಧರಣದ ಒಳಗಿನ ಪಠ್ಯದಾಗ ಇದ್ರ ತಕರಾರಿಲ್ಲ.

ತಕರಾರಿಲ್ಲ ಅಂದೆ, ಆದ್ರ ಮೋಸ ಅದ. ಒಬ್ಬ ‘ಬೀದರ್’ ಅಂತ ಹೊಡ್ದ, ಇನ್ನೊಬ್ಬನ ಕೀಬೋರ್ಡ್ ಕೊನೆಗೆ ಆ ಚಿಹ್ನೆ ಅಂಟಿಸ್ತು. ಕಣ್ಣಿಗೆ ಎರಡೂ ಬೀದರ್. ಎರಡು ಸಮ ಚಿಹ್ನೆ ಹಾಕಿ ಕೇಳಿದ್ರ ಫಾಲ್ಸ್. ಸ್ಟ್ರಿಪ್() ಹಾಕಿದ್ರ ಅಕ್ಕಪಕ್ಕದ ಸ್ಪೇಸ್ ಹೋಗ್ತದ, ಇದು ಹೋಗಂಗಿಲ್ಲ. ರಿಪ್ಲೇಸ್ ಮಾಡಿಯೇ ತೆಗೀಬೇಕು. ನಾ ಟೆಸ್ಟಿಂಗ್ ಕೆಲಸದಾಗ ಇರೋದ್ರಿಂದ ಇಂಥವು ದಿನಾ ನೋಡ್ತೀನಿ.

ಬೀದರ್ ಮೇಡಂ
ಅಕ್ಷರದ ಮಾತು ಬಂದಿದ್ದಕ್ಕೆ ಒಂದು ಆಟ. ನಾನು ತರಗತಿಯಲ್ಲಿ ಮೊದಲ ವಾರವೇ ಆಡಿಸ್ತೀನಿ. ಲೆನ್("ಕಲಬುರಗಿ"), ಅಂದರೆ ಆ ಪಠ್ಯದ ಉದ್ದ ಎಷ್ಟು? ಮಕ್ಕಳು ಐದು ಅಂತಾರೆ. ಪೈಥಾನ್ 7 ಅನ್ನುತ್ತೆ. ‘ಬು’ದಲ್ಲಿ ಬ ಒಂದು, ಉಕಾರ ಇನ್ನೊಂದು. ‘ಗಿ’ದಲ್ಲೂ ಹಾಗೇ. ‘ಕನ್ನಡ’ ನಮಗೆ ಮೂರು ಅಕ್ಷರ, ಅದಕ್ಕೆ 5, ಯಾಕಂದರೆ ನ್ನ ಒಳಗೆ ನ, ಹಲಂತ (ಸ್ವರ ತೆಗೆಯೋ ಚಿಹ್ನೆ), ನ ಅಂತ ಮೂರಿವೆ. ‘ಬೀದರ್’ ಅನ್ನು ತಿರುಗುಮುರುಗು ಮಾಡಿಸಿದರೆ ಹಲಂತ ಮೊದಲು ಬಂದು ಪರದೆ ಮೇಲೆ ವಿಚಿತ್ರ ಆಕಾರ ಬರುತ್ತೆ. ಇಂಗ್ಲಿಷ್ ಉದಾಹರಣೆಯಲ್ಲೇ ಕಲಿತ ಮಕ್ಕಳಿಗೆ ಇದು ಯಾವತ್ತೂ ಗೊತ್ತಾಗೋದೇ ಇಲ್ಲ. ಸ್ಟ್ರಿಂಗ್ ಅಂದರೆ ಏನು ಅಂತ ತಿಳಿಯೋಕೆ ನಮ್ಮ ಲಿಪಿಯೇ ಒಳ್ಳೆ ಪಾಠ ಅಂತ ನನ್ನ ಅಭಿಪ್ರಾಯ.

ಚೌಬಾರಾ (ಬೀದರ್)
ಮೇಡಂ, ನಮ್ಮ ಅಂಗಡಿ ಗಿರಾಕಿ ಹೆಸರು ಅರ್ಧ ಉರ್ದುದಾಗ ಅವ. ಅದು ಬಲದಿಂದ ಎಡಕ್ಕೆ. ಹೆಸರು[0] ಕೇಳಿದ್ರ ಯಾವ ತುದಿ ಸಿಗ್ತದ?

ಬೀದರ್ ಮೇಡಂ
ಮೊದಲು ಬರೆಯೋ ಅಕ್ಷರವೇ ಸಿಗುತ್ತೆ ಭಾಯಿ, ಅಂದರೆ ಕಣ್ಣಿಗೆ ತೀರಾ ಬಲಗಡೆ ಕಾಣೋದು. ಒಳಗೆ ಇಟ್ಟುಕೊಳ್ಳೋದು ಓದೋ ಕ್ರಮದಲ್ಲಿ. ಬಲ-ಎಡ ಪರದೆಯ ಕೆಲಸ.

ಯಾದಗಿರಿ ಕೋಡರ್
ಸಾರ್ಟೆಡ್ (ಪಟ್ಟಿಯನ್ನ ಕ್ರಮಕ್ಕೆ ಜೋಡಿಸೋದು) ಮಾಡುವಾಗ ಕನ್ನಡದಾಗ ಒಂದು ಎಡವಟ್ಟು ಅದ. ಕಲಬುರಗಿ, ಬೀದರ್, ಯಾದಗಿರಿ ಸರಿ ಕ್ರಮದಾಗ ಬರ್ತಾವ. ಆದ್ರ ‘ಕಾಳಗಿ’ ಮತ್ತು ‘ಕಾಶಿ’ ಕೊಟ್ಟು ನೋಡ್ರಿ. ಕಾಳಗಿ ಮೊದಲು ಬರ್ತದ. ವರ್ಣಮಾಲೆಯಾಗ ಳ ಕೊನೆಗೆ, ಯುನಿಕೋಡ್‌ನಾಗ ಲ ಪಕ್ಕಕ್ಕೆ ಅದ.

ಗಂಜ್ ಮುನೀಮ
ನಮ್ಮ ಸಾಹುಕಾರ್ರು ಹಳೇ ಕಾಲದವ್ರು, ತೂಕದ ಚೀಟಿ ೫೦.೫ ಅಂತ ಕನ್ನಡ ಅಂಕಿಯಾಗೇ ಬರೀತಾರ. ಅದನ್ನ ಹಂಗೇ ಹೊಡ್ದು ನೋಡ್ದೆ, ಫ್ಲೋಟ್ ಸುಮ್ನ ತಗೊಂಡ್ಬಿಡ್ತು! ಆದ್ರ ಕೋಡ್‌ನಾಗ ದರ = ೮೦ ಅಂತ ಬರದ್ರ ಒಪ್ಪಂಗಿಲ್ಲ.

ರಾತ್ರಿಪಾಳಿ
ಎರಡೂ ಸರಿ. ಪಠ್ಯದಿಂದ ಸಂಖ್ಯೆ ಮಾಡುವಾಗ ಇಂಟ್, ಫ್ಲೋಟ್ ಎರಡೂ ಕನ್ನಡ ಅಂಕಿ ಓದ್ತಾವ. ಕೋಡ್‌ನಾಗ ನೇರ ಬರೆಯೋ ಸಂಖ್ಯೆ ಮಾತ್ರ 0ರಿಂದ 9ರ ಮಾಮೂಲಿ ಅಂಕಿಯಾಗೇ ಇರ್ಬೇಕು.

ಗಂಜ್ ಮುನೀಮ
ಲಾರಿ ಬಾಡಿಗೆ ಹಚ್ಲಿಕ್ಕೆ ಇಫ್ ಬರ್ದೀನಿ. ಆಳಂದ, ಚಿಂಚೋಳಿ ಕಡೆ ಮಾಲಿಗೆ 200 ಜಾಸ್ತಿ:

ಇಫ್ ಊರು == "ಆಳಂದ" ಆರ್ "ಚಿಂಚೋಳಿ":
    ಬಾಡಿಗೆ = ಬಾಡಿಗೆ + 200

ಜೇವರ್ಗಿ ಕೊಟ್ರೂ 200 ಹತ್ಲತ್ತದ. ಇದಕ್ಕೂ ಎರರ್ ಇಲ್ಲ.

ಬೀದರ್ ಮೇಡಂ
ಮತ್ತೆ ಅದೇ ಪ್ರಶ್ನೆ ಕೇಳಿ, ಆರ್‌ನ ಎರಡೂ ಕಡೆ ಎಂಥ ಮೌಲ್ಯ ಇದೆ? ಎಡಕ್ಕೆ ‘ಊರು ಆಳಂದವೇ’ ಅನ್ನೋ ಬೂಲ್. ಬಲಕ್ಕೆ ‘ಚಿಂಚೋಳಿ’ ಅನ್ನೋ ಬರೀ ಪಠ್ಯ. ಖಾಲಿ ಅಲ್ಲದ ಯಾವ ಪಠ್ಯವನ್ನಾದರೂ ಇಫ್ ಹೌದು ಅಂತಲೇ ತಗೊಳ್ಳುತ್ತೆ. ಹಾಗಾಗಿ ಯಾವ ಊರಾದರೂ 200. ಬಾಯಲ್ಲಿ ‘ಆಳಂದ ಅಥವಾ ಚಿಂಚೋಳಿ ಆದರೆ’ ಅಂದರೆ ಮನುಷ್ಯರಿಗೆ ತಿಳಿಯುತ್ತೆ, ಇಲ್ಲಿ ಹೀಗೆ ಬರೆಯಿರಿ:

ಇಫ್ ಊರು ಇನ್ ["ಆಳಂದ", "ಚಿಂಚೋಳಿ"]:

ಶಹಾಪುರದ ಹುಡುಗ
ಒಂದು ಕೇಳ್ಲಾ? ಈಗ ಎಐಗೆ ಹೇಳಿದ್ರ ಇದೆಲ್ಲಾ ಬರ್ದೇ ಕೊಡ್ತದ. ನಾವ್ಯಾಕ ಇಷ್ಟು ತಲೆ ಕೆಡ್ಸ್ಕೋಬೇಕು?

ರಾತ್ರಿಪಾಳಿ
ಬರಸ್ಕೋ, ಯಾರು ಬ್ಯಾಡ ಅಂದ್ರು? ನಾನೂ ಬರಸ್ತೀನಿ. ಆದ್ರ ಮ್ಯಾಲಿನ ಬಾಡಿಗೆ ಕೋಡ್ ನೋಡು. ಓಡ್ತದ, ಎರರ್ ಇಲ್ಲ, ಉತ್ತರ ತಪ್ಪು. ಅದು ಬರ್ದಿದ್ರಾಗ ಇಂಥದ್ದು ಇದ್ರ ಹಿಡಿಯೋರು ಯಾರು? ರೈತನ ಪಟ್ಟಿಯಾಗ 200 ಹೆಚ್ಚು ಕಡಿಮಿ ಆದ್ರ ಗಂಜ್‌ನಾಗ ಎಐ ಬಂದು ಜಗಳ ಬಿಡ್ಸಂಗಿಲ್ಲ.

ನಿವೃತ್ತ ಮಾಸ್ತರ
ಈ ಒಂದು ವಿಷಯದಲ್ಲಿ ಹುಡುಗನ ಮಾತು ಕೇಳಿ ನಗು ಬಂತು. ಕ್ಯಾಲ್ಕುಲೇಟರ್ ಬಂದಾಗಲೂ ಇದೇ ಕೇಳ್ತಿದ್ದರು.

ಗಂಜ್ ಮುನೀಮ
ಫಂಕ್ಷನ್ ತನಕ ಬಂದೀನ್ರಿ. ತೂಕ, ಕ್ವಿಂಟಲ್ ದರ ಕೊಟ್ರ ಹಣ ಹೇಳೋದು:

ಡೆಫ್ ಹಣ(ತೂಕ, ದರ):
    ಪ್ರಿಂಟ್(ತೂಕ * ದರ / 100)

ಮೊತ್ತ = ಹಣ(151.5, 8000)
ಪ್ರಿಂಟ್(ಮೊತ್ತ - 30)

12120.0 ಅಂತ ಬಂತು. ಮೂರು ಚೀಲಕ್ಕ ಹತ್ತತ್ತು ಅಂತ ಹಮಾಲಿ 30 ಕಳೀಲಿಕ್ಕೆ ಹೋದ್ರ ಟೈಪ್ ಎರರ್. ಉತ್ತರ ಕಣ್ಣ ಮುಂದೇ ಅದಲ್ರಿ!

ಯಾದಗಿರಿ ಕೋಡರ್
ಮೇಡಂ ಹೇಳಿದ್ದು ನೆನಪು ಮಾಡ್ಕೊಳ್ರಿ ಅಣ್ಣಾ. ಪ್ರಿಂಟ್(ಟೈಪ್(ಮೊತ್ತ)) ಹಾಕಿ ಏನು ಬರ್ತದ ಹೇಳ್ರಿ.

ಗಂಜ್ ಮುನೀಮ
ನನ್‌ಟೈಪ್ ಅಂತ ಬಂತು. ಅಂದ್ರ ಖಾಲಿ?

ಯಾದಗಿರಿ ಕೋಡರ್
ಹೌದ್ರಿ. ಪ್ರಿಂಟ್ ಪರದೆಗೆ ತೋರ್ಸ್ತದ ಅಷ್ಟೇ. ಕರೆದವರ ಕೈಗೆ ವಾಪಸ್ ಕೊಡಬೇಕಂದ್ರ ರಿಟರ್ನ್. ನೀವು ರೈತನಿಗೆ ಮೊತ್ತ ಕೂಗಿ ಹೇಳಿ ಪಟ್ಟಿ ಕೊಡದೇ ಕಳ್ಸಿದಂಗ ಆಯ್ತು ಇದು. ಪ್ರಿಂಟ್ ಜಾಗದಾಗ ರಿಟರ್ನ್ ತೂಕ * ದರ / 100 ಅಂತ ಬರೀರಿ, 12090.0 ಬರ್ತದ.

ಗಂಜ್ ಮುನೀಮ
ಬಂತ್ರಿ. ಪೈಸೆ ಲೆಕ್ಕ ಹ್ಯಾಂಗ ಮಾಡ್ಲಿ? ಸುಮ್ನ 0.1 + 0.2 ಹೊಡ್ದು ನೋಡ್ದೆ, 0.30000000000000004 ಅಂತ ಬಂತು. ಇದನ್ನ ಸಾಹುಕಾರ್ರಿಗೆ ತೋರ್ಸಿದ್ರ ನನ್ನ ಕೆಲಸಾನೇ ಹೋಗ್ತದ.

ನಿವೃತ್ತ ಮಾಸ್ತರ
ಇದು ಪೈಥಾನ್ ದೋಷ ಅಲ್ಲ, ಸಿ ಯಲ್ಲೂ ಇದೇ. ಯಂತ್ರ ಫ್ಲೋಟ್ ಅನ್ನು ಇಡುವುದು ದ್ವಿಮಾನದಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ. ನಮ್ಮ ದಶಮಾನದಲ್ಲಿ ಮೂರನೇ ಒಂದು ಭಾಗ ಹೇಗೆ 0.333 ಅಂತ ಮುಗಿಯದೆ ಹೋಗುತ್ತೋ, ಹಾಗೆ ದ್ವಿಮಾನದಲ್ಲಿ ಹತ್ತನೇ ಒಂದು ಭಾಗ ಮುಗಿಯೋದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಬೇಕು, ಆ ಚೂರು ಕೊನೆಯಲ್ಲಿ ತಲೆ ಎತ್ತುತ್ತೆ. ಹಣವನ್ನು ಪೈಸೆಯಲ್ಲೇ ಪೂರ್ಣಾಂಕವಾಗಿ ಇಟ್ಟುಕೊಳ್ಳಿ, ತೋರಿಸುವಾಗ ಮಾತ್ರ ರೂಪಾಯಿ ಮಾಡಿ. ಅಥವಾ ಪೈಥಾನ್‌ನಲ್ಲೇ ದಶಮಾನದಲ್ಲೇ ಲೆಕ್ಕ ಮಾಡೋ ಡೆಸಿಮಲ್ ಅಂತ ಮಾಡ್ಯೂಲ್ (ಸಿದ್ಧ ಕೋಡಿನ ಕಟ್ಟು) ಇದೆ.

ರಾತ್ರಿಪಾಳಿ
ಜೊತೆಗೆ ರೌಂಡ್ ಮ್ಯಾಲ ಕಣ್ಣಿಡ್ರಿ ಮುನೀಮ್‌ಜಿ. ರೌಂಡ್(12.5) ಅಂದ್ರ 13 ಅಲ್ಲ, 12. ರೌಂಡ್(13.5) ಅಂದ್ರ 14. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗ್ತದ. ಅರ್ಧ ಬಂದ್ರ ಮ್ಯಾಲಕ್ಕೇ ಹಿಡೀಬೇಕು ಅನ್ನೋ ನಿಮ್ಮ ಅಂಗಡಿ ಪದ್ಧತಿ ಇದ್ರ ಡೆಸಿಮಲ್‌ನಾಗ ಹಂಗ ಹೇಳಲಿಕ್ಕೆ ಬರ್ತದ.

ಗಂಜ್ ಮುನೀಮ
ರೈತರ ಖಾತೆಗೆ ಡಿಕ್ಷನರಿ ಮಾಡೀನಿ, ಹೆಸರು ಕೊಟ್ರ ಮೊತ್ತ ಸಿಗ್ತದ. ಭಾಳ ಖುಷಿ ಆಯ್ತು.

ಬೀದರ್ ಮೇಡಂ
ಒಂದೇ ಹೆಸರಿನ ಇಬ್ಬರು ರೈತರು ಬಂದರೆ? ಎರಡನೆಯವರ ಮೊತ್ತ ಮೊದಲನೆಯವರದ್ದನ್ನು ಅಳಿಸಿ ಕೂರುತ್ತೆ, ಸದ್ದಿಲ್ಲದೆ. ಕೀಲಿಯಾಗಿ ಹೆಸರಿನ ಬದಲು ಖಾತೆ ನಂಬರ್ ಇಡಿ. ಇಲ್ಲದ ನಂಬರ್ ಕೇಳಿದರೆ ಕೀ ಎರರ್ ಬರುತ್ತೆ, ಖಾತೆ.ಗೆಟ್(ನಂಬರ್, 0) ಅಂದರೆ ಇಲ್ಲದಿದ್ದಲ್ಲಿ 0 ಕೊಡುತ್ತೆ. ಆದರೆ ಹಣದ ಲೆಕ್ಕದಲ್ಲಿ ನಾನಾದರೆ ಎರರ್ ಬರಲಿ ಅಂತಲೇ ಬಿಡ್ತೀನಿ, ನಂಬರ್ ತಪ್ಪು ಹೊಡೆದದ್ದು ಅಲ್ಲೇ ಗೊತ್ತಾಗುತ್ತೆ.

ಗಂಜ್ ಮುನೀಮ
ಕೊನೇದೊಂದು. ಕಂಪ್ಯೂಟರ್ ಬಂದ್ ಮಾಡಿದ್ರ ಎಲ್ಲಾ ಹೋಗ್ತದಲ್ಲ, ಫೈಲ್‌ನಾಗ ಬರಸ್ಲಿಕ್ಕೆ ಹೋದೆ. ಅಂಗಡಿಯಾಗಿರೋದು ವಿಂಡೋಸ್. ಇಂಗ್ಲಿಷ್ ಹೆಸರು ಬರೀತದ, ಕನ್ನಡ ಹೆಸರು ಬಂದ ಕೂಡ್ಲೇ ‘ಚಾರ್‌ಮ್ಯಾಪ್’ ಅಂತ ಏನೋ ಎರರ್.

ರಾತ್ರಿಪಾಳಿ
ಓಪನ್ ಮಾಡುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನ ಫೈಲ್‌ನಾಗ ಇಡೋ ಪದ್ಧತಿ) ಹೇಳ್ರಿ, ಎನ್‌ಕೋಡಿಂಗ್="ಯುಟಿಎಫ್-8". ಹೇಳದಿದ್ರ ವಿಂಡೋಸ್‌ನಾಗ ಪೈಥಾನ್ ಸಾಮಾನ್ಯವಾಗಿ ಹಳೇ ಪಾಶ್ಚಾತ್ಯ ಅಕ್ಷರಗಳ ಕೋಷ್ಟಕ ಹಿಡೀತದ, ಅದರಾಗ ಕನ್ನಡ ಇಲ್ಲ. ಫೈಲ್ ತೆರೆಯೋ ಮೋಡ್ ‘ಎ’ ಇಡ್ರಿ, ಹಳೇದರ ಕೆಳಗ ಸೇರ್ತದ. ‘ಡಬ್ಲ್ಯೂ’ ಇಟ್ರ ಹಳೇದೆಲ್ಲ ಅಳಿಸ್ತದ, ಹುಷಾರು.

ಗಂಜ್ ಮುನೀಮ
ಬರೀತು! ಆದ್ರ ಸಿಎಸ್‌ವಿ (ಕಾಲಂ ನಡುವೆ ಅಲ್ಪವಿರಾಮ ಹಾಕಿದ ಪಠ್ಯ) ಫೈಲ್ ಎಕ್ಸೆಲ್‌ನಾಗ ತೆರೆದ್ರ ಕನ್ನಡ ಹೋಗಿ ಏನೇನೋ ಗೀಚಿದಂಗ ಅದ. ನೋಟ್‌ಪ್ಯಾಡ್‌ನಾಗ ಸರಿ ಕಾಣ್ತದ.

ರಾತ್ರಿಪಾಳಿ
ಫೈಲ್ ಸರಿ ಅದ, ಎಕ್ಸೆಲ್‌ಗೆ ಅದು ಯುಟಿಎಫ್-8 ಅಂತ ಗುರುತು ಸಿಗ್ಲತ್ತಿಲ್ಲ. ಹಳೇ ಫೈಲ್ ಬದಿಗಿಟ್ಟು, ಹೊಸ ಫೈಲ್‌ಗೆ "ಯುಟಿಎಫ್-8-ಎಸ್‌ಐಜಿ" ಅಂತ ಕೊಡ್ರಿ. ಫೈಲಿನ ತಲೆಗೆ ಒಂದು ಗುರುತು ಬೀಳ್ತದ, ಎಕ್ಸೆಲ್ ಅದನ್ನ ನೋಡಿ ತಿಳ್ಕೊಳ್ತದ.

ಗಂಜ್ ಮುನೀಮ
ಆಯ್ತ್ರಿ, ಹೆಸರು ಚಂದ ಬಂದಾವ. ಫೋನ್ ನಂಬರ್ ಮಾತ್ರ ಎಕ್ಸೆಲ್ 9.87ಇ+09 ಅಂತ ಮಾಡಿ ಕುಂತದ.

ಬೀದರ್ ಮೇಡಂ
ಅದು ಎಕ್ಸೆಲ್ ಫೋನ್ ನಂಬರನ್ನು ಸಂಖ್ಯೆ ಅಂದುಕೊಂಡಿದ್ದು. ಕೂಡಿಸಿ ಕಳೆಯೋದು ಇಲ್ಲದ್ದನ್ನ ಪಠ್ಯವಾಗಿ ಇಡಬೇಕು. ಪೈಥಾನ್ ಕಡೆ ಸ್ಟ್ರಿಂಗ್ ಇಡಿ, ಎಕ್ಸೆಲ್ ಕಡೆ ಆ ಕಾಲಂ ಟೆಕ್ಸ್ಟ್ ಅಂತ ಆರಿಸಿ ಇಂಪೋರ್ಟ್ ಮಾಡಿ.